ಹತ್ತರ ಜೊತೆ ಹನ್ನೊಂದು

ನರಮೇಧಗಳ ಬಗ್ಗೆ ಓದುವಾಗ ನನಗೊಂದು ಚಟ ಅಂಟಿಕೊಂಡಿದೆ. ಪೆನ್ಸಿಲ್ ಹಿಡಿದು ಕ್ರಿಯಾಪದಗಳ ಕೆಳಗೆ ಗೆರೆ ಎಳೆಯುತ್ತಾ ಹೋಗುತ್ತೇನೆ. ‘ಹೆಂಗಸರನ್ನೂ ಮಕ್ಕಳನ್ನೂ ಕೊಲ್ಲಲಾಯಿತು.’ ‘ಉಳಿದವರನ್ನು ರೈಲಿನಲ್ಲಿ ಸಾಗಿಸಲಾಯಿತು.’ ‘ಮನೆಗಳನ್ನು ತೆರವುಗೊಳಿಸಲಾಯಿತು.’ ಈ ‘ಲಾಯಿತು’ ಬಹಳ ಉಪಕಾರಿ. ಕೆಲಸ ಆಗಿರುತ್ತದೆ, ಮಾಡಿದವನು ಮಾತ್ರ ಸದ್ದಿಲ್ಲದೆ ವಾಕ್ಯದಿಂದ ಎದ್ದು ಹೋಗಿರುತ್ತಾನೆ. ಗೆರೆ ಎಳೆದಲ್ಲೆಲ್ಲ ಅಂಚಿನಲ್ಲಿ ‘ಯಾರು?’ ಎಂದು ಬರೆದಿಡುತ್ತೇನೆ. ಎರವಲು ತಂದ ಪುಸ್ತಕಗಳಲ್ಲಿ ಹೀಗೆ ಮಾಡಬಾರದು, ಗೊತ್ತು.

ಆ ‘ಯಾರು’ ಎಂಬುದಕ್ಕೆ ಹಿಟ್ಲರ್, ಅವನ ಎಸ್‌ಎಸ್ ಪಡೆಯ ಮುಖ್ಯಸ್ಥ ಹಿಮ್ಲರ್ ಎಂದು ಉತ್ತರಿಸಿ ಮುಂದಿನ ಪುಟಕ್ಕೆ ಹೋಗಬಹುದು. ಆದರೆ ಅವರು ಕೊಲ್ಲಿಸಿದವರು. ಕೊಲ್ಲುವುದಕ್ಕೂ ಕೊಲ್ಲಿಸುವುದಕ್ಕೂ ನಡುವೆ ನಮ್ಮ ಭಾಷೆಯಲ್ಲಿ ಒಂದು ‘ಇಸು’ ಇದೆ. ಆ ‘ಇಸು’ವಿನ ಆಚೆ ಬದಿಗೆ ಬೆರಳೆಣಿಕೆಯ ಜನ ಸಾಕು, ಈಚೆ ಬದಿಗೆ ಕೈಗಳು ಬೇಕು. ರುವಾಂಡಾದಲ್ಲಿ 1994ರ ಏಪ್ರಿಲ್‌ನಿಂದ ಸುಮಾರು 100 ದಿನಗಳಲ್ಲಿ ಕನಿಷ್ಠ 5 ಲಕ್ಷ ಜನ ಸತ್ತರು, ಬಹುಪಾಲು ಅಲ್ಲಿನ ಅಲ್ಪಸಂಖ್ಯಾತ ಸಮುದಾಯವಾದ ಟುಟ್ಸಿಗಳು. ಅಲ್ಲಿ ಹಿಂಸೆಯಲ್ಲಿ ನೇರವಾಗಿ ಪಾಲ್ಗೊಂಡವರು 1,75,000ದಿಂದ 2,10,000 ಇದ್ದಿರಬಹುದೆಂದು ರಾಜ್ಯಶಾಸ್ತ್ರಜ್ಞ ಸ್ಕಾಟ್ ಸ್ಟ್ರಾಸ್ ಅಂದಾಜು ಮಾಡಿದ್ದಾರೆ. ಯಾವ ದೇಶದಲ್ಲಿ ಹುಡುಕಿದರೂ ಎರಡು ಲಕ್ಷ ರಾಕ್ಷಸರು ಸಿಗುವುದಿಲ್ಲ. ಸಿಗುವುದು ರೈತರು, ಮೇಷ್ಟರು, ಲಾರಿ ಚಾಲಕರು, ಗುಮಾಸ್ತರು. ಸಂಜೆ ಮನೆಗೆ ಹೋಗಿ ಮಕ್ಕಳ ಜ್ವರ ಇಳಿಯಿತೇ ಎಂದು ಹಣೆ ಮುಟ್ಟಿ ನೋಡುವವರು.

ಅಂಥವರ ಬಗ್ಗೆ ಉಳಿದಿರುವ ದಾಖಲೆಗಳಲ್ಲಿ ನಾನು ಮತ್ತೆ ಮತ್ತೆ ಹಿಂತಿರುಗುವುದು ಒಂದೇ ಒಂದು ಬೆಳಗಿಗೆ.

1942ರ ಜುಲೈ 13. ಪೋಲೆಂಡಿನ ಯೂಜೆಫುವ್ ಎಂಬ ಊರು. ಜರ್ಮನಿಯ 101ನೆಯ ಮೀಸಲು ಪೊಲೀಸ್ ಬೆಟಾಲಿಯನ್ನಿನ ಸುಮಾರು 500 ಜನ ನಸುಕಿನಲ್ಲೇ ಲಾರಿಗಳಿಂದ ಇಳಿದು ತಮ್ಮ ಮೇಜರ್ ವಿಲ್ಹೆಲ್ಮ್ ಟ್ರಾಪ್‌ನ ಸುತ್ತ ಅರ್ಧಚಂದ್ರಾಕಾರದಲ್ಲಿ ನಿಂತರು. ಹೆಚ್ಚಿನವರು ಹ್ಯಾಂಬರ್ಗ್ ನಗರದವರು, ನಲವತ್ತರ ಆಸುಪಾಸಿನವರು. ಸೈನ್ಯಕ್ಕೆ ವಯಸ್ಸು ಮೀರಿದವರೆಂದು ಪೊಲೀಸ್ ಕೆಲಸಕ್ಕೆ ಹಾಕಿಸಿಕೊಂಡಿದ್ದ ಬಂದರು ಕೂಲಿಗಳು, ಗೋದಾಮಿನ ಆಳುಗಳು, ಚಾಲಕರು, ಕಚೇರಿ ನೌಕರರು. ಹಿಟ್ಲರನ ಯುವದಳದಲ್ಲಿ ತಿದ್ದಿ ತೀಡಿದ ಹುಡುಗರಲ್ಲ; ಅವನು ಅಧಿಕಾರಕ್ಕೆ ಬರುವ ಮೊದಲೇ ಬೆಳೆದು ದೊಡ್ಡವರಾದವರು. ಬೇರೆ ಬಗೆಯ ರಾಜಕೀಯವನ್ನೂ ಬೇರೆ ಬಗೆಯ ನೀತಿಯನ್ನೂ ಕಂಡವರು.

ಟ್ರಾಪ್‌ನ ಮುಖ ಬಿಳಿಚಿಕೊಂಡಿತ್ತು, ಕಣ್ಣು ತುಂಬಿತ್ತು, ಗಂಟಲು ಕಟ್ಟುತ್ತಿತ್ತು. ಊರಿನ ಯೆಹೂದಿಗಳಲ್ಲಿ ದುಡಿಯಬಲ್ಲ ಗಂಡಸರನ್ನು ಬೇರ್ಪಡಿಸಿ ಉಳಿದವರನ್ನು, ಎಂದರೆ ಹೆಂಗಸರು, ಮಕ್ಕಳು, ಮುದುಕರನ್ನು, ಗುಂಡಿಕ್ಕಿ ಕೊಲ್ಲಬೇಕೆಂದು ಹೇಳಿದ. ತನಗೂ ಇದು ಇಷ್ಟವಿಲ್ಲ, ಆದರೆ ಮೇಲಿನಿಂದ ಬಂದ ಆಜ್ಞೆ ಎಂದ. ಆಮೇಲೆ ಯಾರೂ ನಿರೀಕ್ಷಿಸದ ಒಂದು ಮಾತು ಸೇರಿಸಿದ: ಹಿರಿಯರಲ್ಲಿ ಯಾರಿಗೆ ಈ ಕೆಲಸ ಆಗುವುದಿಲ್ಲವೋ ಅವರು ಸಾಲಿನಿಂದ ಹೊರಗೆ ಬರಬಹುದು.

ಇಲ್ಲಿ ನಾನು ಪ್ರತಿ ಸಲವೂ ಪುಸ್ತಕ ಮಡಚಿಡುತ್ತೇನೆ. ಬಾಗಿಲು ತೆರೆದಿದೆ. ತೆರೆದವನು ಮೇಲಧಿಕಾರಿಯೇ. ಒಬ್ಬ ಹೊರಗೆ ಬಂದ. ಅವನ ಕ್ಯಾಪ್ಟನ್ ಸಿಟ್ಟಿನಿಂದ ರೇಗಿದ. ಟ್ರಾಪ್ ಆ ಕ್ಯಾಪ್ಟನ್ನನ ಬಾಯಿ ಮುಚ್ಚಿಸಿ ಹೊರಬಂದವನನ್ನು ತನ್ನ ರಕ್ಷಣೆಗೆ ತೆಗೆದುಕೊಂಡ. ಅದನ್ನು ಕಂಡ ಮೇಲೆ ಇನ್ನೂ ಹತ್ತು ಹನ್ನೆರಡು ಜನ ಹೊರಬಂದರು. ಅಷ್ಟೇ. ಉಳಿದವರು ನಿಂತಲ್ಲೇ ನಿಂತರು. ಸಂಜೆಯ ಹೊತ್ತಿಗೆ ಕಾಡಿನಲ್ಲಿ ಸುಮಾರು 1,500 ಹೆಣಗಳಿದ್ದವು.

ದೂರದಿಂದ ಗುಂಡು ಹಾರಿಸುವ ಕೆಲಸವಾಗಿರಲಿಲ್ಲ ಅದು. ಒಬ್ಬ ಪೊಲೀಸನಿಗೆ ಒಬ್ಬ ಯೆಹೂದಿಯಂತೆ ಮುಖಾಮುಖಿ ಜೋಡಿ ಮಾಡಿದರು. ಆ ಜೋಡಿ ಕಾಡಿನೊಳಗೆ ಒಟ್ಟಿಗೆ ನಡೆದು ಹೋಗಬೇಕಿತ್ತು. ಕೋವಿಯ ತುದಿಯನ್ನು ಎಲ್ಲಿ ಇಡಬೇಕೆಂದು ಬೆಟಾಲಿಯನ್ನಿನ ವೈದ್ಯ ಮೊದಲೇ ತೋರಿಸಿಕೊಟ್ಟಿದ್ದ. ಮಧ್ಯದಲ್ಲಿ ಕೆಲವರು ತಡೆಯಲಾರದೆ ಬಿಡುವು ಕೇಳಿದರು, ಕೆಲವರು ಲಾರಿಗಳ ಹಿಂದೆ ಮರೆಯಾದರು. ಕೇಳಿದವರಿಗೆ ಬಿಡುವು ಸಿಕ್ಕಿತು ಕೂಡ. ಆದರೂ ಹತ್ತರಲ್ಲಿ ಎಂಟು ಮಂದಿಯಾದರೂ ಕೊನೆಯವರೆಗೆ ಗುಂಡಿಕ್ಕಿದರು ಎಂಬುದು ಇತಿಹಾಸಕಾರರ ಲೆಕ್ಕ.

1960ರ ದಶಕದಲ್ಲಿ ತನಿಖಾಧಿಕಾರಿಗಳ ಮುಂದೆ ಇವರ ಹೇಳಿಕೆಗಳು ದಾಖಲಾದವು. ಅವುಗಳಲ್ಲಿ ಒಬ್ಬ ಲೋಹ ಕೆಲಸಗಾರನ ಮಾತು ನನ್ನ ನಿದ್ದೆ ಕೆಡಿಸಿದೆ. ತಾನು ಪ್ರಯತ್ನಪಟ್ಟು ಮಕ್ಕಳಿಗೆ ಮಾತ್ರ ಗುಂಡು ಹಾಕುತ್ತಿದ್ದೆ ಎಂದು ಅವನು ಹೇಳುತ್ತಾನೆ. ತಾಯಂದಿರು ಮಕ್ಕಳ ಕೈ ಹಿಡಿದು ಬರುತ್ತಿದ್ದರಂತೆ. ಪಕ್ಕದವನು ತಾಯಿಯನ್ನು ಕೊಲ್ಲುತ್ತಿದ್ದ. ತಾಯಿ ಇಲ್ಲದ ಮಗು ಹೇಗೂ ಬದುಕುವುದಿಲ್ಲವಲ್ಲ ಎಂದು ಇವನು ಮಗುವನ್ನು ಕೊಲ್ಲುತ್ತಿದ್ದ. ಅದು ಮಗುವಿಗೆ ಬಿಡುಗಡೆ, ತನ್ನ ಮನಸ್ಸಾಕ್ಷಿಗೆ ಸಮಾಧಾನ ಎಂದು ಅವನ ವಾದ. ಇದನ್ನು ಕ್ರೌರ್ಯ ಎಂದು ಕರೆದರೆ ಒಂದು ಎಳೆ ತಪ್ಪಿಹೋಗುತ್ತದೆ. ಅವನೊಳಗೆ ಮನಸ್ಸಾಕ್ಷಿ ಸತ್ತಿರಲಿಲ್ಲ. ಎಚ್ಚರವಾಗಿತ್ತು, ಓವರ್‌ಟೈಮ್ ದುಡಿಯುತ್ತಿತ್ತು. ಕೊಲ್ಲಬೇಡ ಎನ್ನುವುದಕ್ಕಲ್ಲ, ಕೊಂದದ್ದಕ್ಕೆ ಕಾರಣ ಹುಡುಕಿಕೊಡುವುದಕ್ಕೆ.

ಯಾಕೆ ಹೊರಗೆ ಬರಲಿಲ್ಲ? ಜೀವಭಯ ಎಂಬ ಉತ್ತರ ನಿಲ್ಲುವುದಿಲ್ಲ. ಯುದ್ಧಾನಂತರದ ನೂರಾರು ವಿಚಾರಣೆಗಳಲ್ಲಿ, ನಿರಾಯುಧ ಜನರನ್ನು ಕೊಲ್ಲಲು ಒಪ್ಪದ ಜರ್ಮನ್ ಸಿಬ್ಬಂದಿಗೆ ಮರಣದಂಡನೆಯಾದ ಒಂದೇ ಒಂದು ಪ್ರಕರಣವನ್ನೂ ಆರೋಪಿಗಳ ಪರ ವಕೀಲರು ತೋರಿಸಲಾಗಲಿಲ್ಲ. ಈ ಬೆಟಾಲಿಯನ್ನಿನಲ್ಲಂತೂ ಬಾಗಿಲು ತೆರೆದದ್ದು ಎಲ್ಲರ ಕಣ್ಣೆದುರಿಗೇ.

ಅವರು ಕೊಟ್ಟ ಉತ್ತರಗಳಲ್ಲಿ ನನಗೆ ಹೆಚ್ಚು ನಿಜವೆನಿಸುವುದು ತೀರಾ ಸಣ್ಣದು, ಹೇಳಲು ನಾಚಿಕೆಯಾಗುವಂಥದ್ದು: ಎಲ್ಲರ ಮುಂದೆ ಹೇಡಿ ಎನ್ನಿಸಿಕೊಳ್ಳಬೇಕಾಗುತ್ತದೆ ಎಂಬ ಸಂಕೋಚ. ಅದರ ಬೆನ್ನಿಗೇ ಇನ್ನೊಂದಿದೆ. ಗುಂಡು ಹಾಕುವ ಕೆಲಸ ಹೇಗೂ ಆಗಲೇಬೇಕು. ನಾನು ತಪ್ಪಿಸಿಕೊಂಡರೆ ನನ್ನ ಪಾಲಿನ ಹೊರೆಯೂ ಜೊತೆಗಾರರ ಹೆಗಲಿಗೆ ಬೀಳುತ್ತದೆ. ಹೊಲಸು ಕೆಲಸವನ್ನು ಗೆಳೆಯರಿಗೆ ಬಿಟ್ಟು ತಾನೊಬ್ಬ ಕೈ ತೊಳೆದುಕೊಳ್ಳುವುದು ಸ್ವಾರ್ಥವಲ್ಲವೇ? ಆ ಸಾಲಿನಲ್ಲಿ ನಿಂತವನ ಲೆಕ್ಕದಲ್ಲಿ ಹೊರಗೆ ಬರುವುದೇ ಅನೈತಿಕ. ಮೊದಲ ಸಲ ಓದಿದಾಗ ಇದು ಕುತರ್ಕ ಎನಿಸಿತ್ತು. ಈಗ ಅನಿಸುವುದೇ ಬೇರೆ. ನರಮೇಧ ನಡೆಯುವುದು ದುರ್ಗುಣಗಳ ಬಲದಿಂದ ಎಂದು ನಾವು ಅಂದುಕೊಂಡಿದ್ದೇವೆ. ಅದರ ಇಂಧನದ ಬಹುಪಾಲು ನಮ್ಮ ದಿನನಿತ್ಯದ ಸದ್ಗುಣಗಳು: ಜೊತೆಯವರನ್ನು ಕೈಬಿಡದಿರುವುದು, ಮೈಗಳ್ಳತನ ಮಾಡದಿರುವುದು, ಹಿಡಿದ ಕೆಲಸವನ್ನು ಅರ್ಧಕ್ಕೆ ನಿಲ್ಲಿಸದಿರುವುದು.

ಇದನ್ನು ಚೆನ್ನಾಗಿ ಅರಿತಿದ್ದವನು ಹಿಮ್ಲರ್. 1943ರ ಅಕ್ಟೋಬರ್ 4ರಂದು ಪೋಜೆನ್‌ನಲ್ಲಿ ಎಸ್‌ಎಸ್ ಅಧಿಕಾರಿಗಳಿಗೆ ಭಾಷಣ ಮಾಡುತ್ತಾ, ಸಾಲು ಹೆಣಗಳನ್ನು ಕಂಡೂ ನಾವು ಸಭ್ಯರಾಗಿ ಉಳಿದೆವು ಎಂದು ಹೆಮ್ಮೆಪಟ್ಟ. ಕೊಂದವರ ಒಂದು ಗಡಿಯಾರವನ್ನಾಗಲಿ, ಒಂದು ಸಿಗರೇಟನ್ನಾಗಲಿ ಸ್ವಂತಕ್ಕೆ ತೆಗೆದುಕೊಳ್ಳುವ ಹಕ್ಕು ನಮಗಿಲ್ಲ ಎಂದು ಎಚ್ಚರಿಸಿದ. ಕೊಲೆ ಸರಿ, ಕಳ್ಳತನ ತಪ್ಪು! ನಗು ಬರಬೇಕಾದ ಮಾತು. ಆದರೆ ಅವನು ಮಾರುತ್ತಿದ್ದ ಸರಕು ಅದೇ. ನೀವು ಒಳ್ಳೆಯವರಾಗಿಯೇ ಇದ್ದೀರಿ ಎಂಬ ಪ್ರಮಾಣಪತ್ರ.

ಇನ್ನು ಮನಶ್ಶಾಸ್ತ್ರದ ಪ್ರಯೋಗಾಲಯ. ಈ ವಿಷಯ ಎತ್ತಿದೊಡನೆ ಎಲ್ಲರೂ ಹೇಳುವುದು ಸ್ಟ್ಯಾನ್ಲಿ ಮಿಲ್‌ಗ್ರಾಮ್‌ನ ಪ್ರಯೋಗ. ನಾನೂ ಹಲವರಿಗೆ ಹೇಳಿದ್ದೇನೆ, ಹೇಳುವಾಗಲೆಲ್ಲ ಅರ್ಧವನ್ನು ಮಾತ್ರ ಹೇಳಿದ್ದೇನೆ. ಯೆಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ವ್ಯವಸ್ಥೆ ನೋಡಿಕೊಂಡಿದ್ದ ನಾಜಿ ಅಧಿಕಾರಿ ಐಕ್‌ಮನ್‌ನ ವಿಚಾರಣೆ ಜೆರುಸಲೇಮ್‌ನಲ್ಲಿ ನಡೆದ 1961ರಲ್ಲೇ ಯೇಲ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಪ್ರಯೋಗವದು. ಗೋಡೆಯಾಚೆ ಕುಳಿತ ‘ವಿದ್ಯಾರ್ಥಿ’ ತಪ್ಪು ಉತ್ತರ ಕೊಟ್ಟಾಗಲೆಲ್ಲ ಅವನಿಗೆ ವಿದ್ಯುತ್ ಆಘಾತ ಕೊಡಬೇಕು. 15 ವೋಲ್ಟ್‌ನಿಂದ ಹಿಡಿದು 15ರಂತೆ ಏರುತ್ತಾ 450ರವರೆಗೆ 30 ಗುಂಡಿಗಳು. ವಿದ್ಯಾರ್ಥಿ ನಟ, ಆಘಾತ ಸುಳ್ಳು. ಗುಂಡಿ ಒತ್ತುವವನಿಗೆ ಮಾತ್ರ ಅದು ಗೊತ್ತಿಲ್ಲ. ಹೆಚ್ಚು ಹೆಸರಾದ ಸುತ್ತಿನಲ್ಲಿ 40 ಜನರಲ್ಲಿ 26 ಮಂದಿ ಕೊನೆಯ ಗುಂಡಿಯವರೆಗೂ ಹೋದರು. ಕೇಳಿದವರು ‘ಅಬ್ಬಾ’ ಎನ್ನುತ್ತಾರೆ, ಮನುಷ್ಯ ಆಜ್ಞೆಗೆ ಗುಲಾಮ ಎಂಬ ಪಾಠದೊಂದಿಗೆ ಮಾತು ಮುಗಿಯುತ್ತದೆ.

ಹೇಳದೆ ಬಿಡುವ ಅರ್ಧವೇ ಹೆಚ್ಚು ರಸವತ್ತಾದದ್ದು. ಮಿಲ್‌ಗ್ರಾಮ್ ಇದನ್ನು ಹಲವು ಬಗೆಗಳಲ್ಲಿ ಬದಲಿಸಿ ಮಾಡಿದ. ಗುಂಡಿ ಒತ್ತುವ ಕೆಲಸ ಬೇರೊಬ್ಬನದು, ನೀನು ಪ್ರಶ್ನೆ ಓದಿದರೆ ಸಾಕು ಎಂದಾಗ 40ರಲ್ಲಿ 37 ಜನ ಕೊನೆಯವರೆಗೆ ಕುಳಿತರು. ಅದೇ, ಪಕ್ಕದಲ್ಲಿ ಕೂರಿಸಿದ್ದ ಇಬ್ಬರು ‘ಜೊತೆಗಾರರು’ ಮಧ್ಯದಲ್ಲಿ ಎದ್ದು ನಾವು ಮಾಡುವುದಿಲ್ಲ ಎಂದಾಗ, ಮುಂದುವರಿದವರು ಬರೀ 4. ಪ್ರಯೋಗ ನಡೆಸುವವನು ಕೋಣೆಯಿಂದ ಹೊರಗೆ ಹೋಗಿ ಫೋನಿನಲ್ಲಿ ಸೂಚನೆ ಕೊಟ್ಟಾಗ ವಿಧೇಯತೆ ಸುಮಾರು ಐದರಲ್ಲೊಂದು ಪಾಲಿಗೆ ಇಳಿಯಿತು. ಕೆಲವರು ಫೋನಿನಲ್ಲಿ ಹೂಂಗುಟ್ಟುತ್ತಾ ಕಡಿಮೆ ವೋಲ್ಟಿನ ಗುಂಡಿಯನ್ನೇ ಒತ್ತುತ್ತಿದ್ದರು. ಅವರ ಮೇಲೆ ನನಗೆ ವಿಶೇಷ ಪ್ರೀತಿ. ಎದುರು ನಿಂತು ಇಲ್ಲ ಎನ್ನುವ ಧೈರ್ಯವಿಲ್ಲ, ಹೇಳಿದಂತೆ ಮಾಡುವ ಮನಸ್ಸೂ ಇಲ್ಲ. ಜಗತ್ತಿನ ಎಷ್ಟೋ ಜೀವಗಳು ಇಂಥ ಕಳ್ಳಾಟದಿಂದಲೇ ಉಳಿದಿರಬೇಕು.

ಇನ್ನೂ ಒಂದು ವಿಷಯವಿದೆ. ಹಿಂಜರಿದವರಿಗೆ ಹೇಳಲು ನಾಲ್ಕು ಮಾತುಗಳನ್ನು ಮೊದಲೇ ಸಿದ್ಧಪಡಿಸಿದ್ದರು. ‘ದಯವಿಟ್ಟು ಮುಂದುವರಿಸಿ’ ಎಂಬಲ್ಲಿಂದ ಶುರುವಾಗಿ, ಪ್ರಯೋಗಕ್ಕೆ ಇದು ಅಗತ್ಯ ಎಂಬುದನ್ನು ದಾಟಿ, ‘ನಿಮಗೆ ಬೇರೆ ದಾರಿಯಿಲ್ಲ, ಮುಂದುವರಿಸಲೇಬೇಕು’ ಎಂಬಲ್ಲಿಗೆ ಮುಗಿಯುತ್ತಿತ್ತು. ನಿಜವಾದ ಆಜ್ಞೆ ಎಂದರೆ ಈ ನಾಲ್ಕನೆಯದು. 2009ರಲ್ಲಿ ಪ್ರಕಟವಾದ ಒಂದು ಮರುಪ್ರಯೋಗದಲ್ಲಿ ಈ ನಾಲ್ಕನೆಯ ಮಾತನ್ನು ಕೇಳಿದ ಮೇಲೆ ಒಬ್ಬರೂ ಮುಂದುವರಿಯಲಿಲ್ಲ. ಬೇರೆ ದಾರಿಯಿಲ್ಲ ಎಂದೊಡನೆ ‘ಇದೆಯಲ್ಲ!’ ಎಂದು ಎದ್ದರು. ಅಲೆಕ್ಸ್ ಹ್ಯಾಸ್ಲಮ್ ಮತ್ತು ಸ್ಟೀಫನ್ ರೈಕರ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನೆಲ್ಲ ಕೂಡಿಸಿ, ಜನ ಮಣಿಯುವುದು ಆಜ್ಞೆಗಲ್ಲ, ತಾವು ಒಂದು ದೊಡ್ಡ ಕೆಲಸಕ್ಕೆ ಹೆಗಲು ಕೊಡುತ್ತಿದ್ದೇವೆ ಎಂಬ ನಂಬಿಕೆಗೆ ಎನ್ನುತ್ತಾರೆ. ವಿಜ್ಞಾನಕ್ಕೆ ನೆರವಾಗಬೇಕೆಂಬ ಸದ್ಭಾವನೆಯಿಂದಲೇ ಅವರು ಆ ಕುರ್ಚಿಯಲ್ಲಿ ಕೂತಿದ್ದು. ಟ್ರಾಪ್‌ನ ಜನ ಮತ್ತೆ ನೆನಪಾಗುತ್ತಾರೆ. ಅವರಿಗೂ ಕೇಳಿಸಿದ್ದು ಗದರಿಕೆಯಲ್ಲ, ಅಳುವ ಅಪ್ಪನೊಬ್ಬನ ಕೋರಿಕೆ. ‘ಪಾಪಾ ಟ್ರಾಪ್’ ಎಂದೇ ಅವನನ್ನು ಕರೆಯುತ್ತಿದ್ದರು.

ಕಾಲೇಜು ಹುಡುಗರನ್ನು ಕಾವಲುಗಾರರು, ಕೈದಿಗಳು ಎಂದು ವಿಂಗಡಿಸಿ ನಕಲಿ ಜೈಲಿನಲ್ಲಿಟ್ಟ 1971ರ ಸ್ಟ್ಯಾನ್‌ಫರ್ಡ್ ಪ್ರಯೋಗದ ಬಗ್ಗೆ ಬಹಳ ಹೇಳಲಾರೆ. ಸಮವಸ್ತ್ರ ತೊಡಿಸಿದರೆ ಸಾಕು, ಹುಡುಗರು ತಾವಾಗಿಯೇ ಕ್ರೂರರಾಗುತ್ತಾರೆ ಎಂದು ದಶಕಗಳ ಕಾಲ ಪಠ್ಯಪುಸ್ತಕಗಳು ಸಾರಿದವು. ಕಾವಲುಗಾರರು ಬಿಗಿಯಾಗಿರಬೇಕೆಂದು ಪ್ರಯೋಗದ ತಂಡದವರೇ ಹುರಿದುಂಬಿಸಿದ್ದು ಧ್ವನಿಮುದ್ರಣಗಳಿಂದ ಗೊತ್ತಾಯಿತು. ತಾವಾಗಿಯೇ ಆಗಲಿಲ್ಲ, ಆಗಿಸಿದರು. ಮತ್ತೆ ಅದೇ ‘ಇಸು’.

ಹಾಗಾದರೆ ದ್ವೇಷ? ಅದನ್ನು ಬದಿಗಿಟ್ಟು ಸಂಕೋಚ, ಸದ್ಗುಣ ಎಂದೆಲ್ಲ ಮಾತಾಡುವುದು ಸರಿಯೇ? ಯೂಜೆಫುವ್‌ನ ಅದೇ ಹೇಳಿಕೆಗಳನ್ನು ಓದಿ, ಇವರಿಗೆ ಯೆಹೂದಿಗಳನ್ನು ಕೊಲ್ಲುವ ಮನಸ್ಸಿತ್ತು, ಅದಕ್ಕೇ ಕೊಂದರು ಎಂದು ತೀರ್ಮಾನಿಸಿದ ಇತಿಹಾಸಕಾರರಿದ್ದಾರೆ. ಅವರ ವಾದದಲ್ಲಿ ನನ್ನನ್ನು ಚುಚ್ಚುವ ಒಂದು ಪ್ರಶ್ನೆಯಿದೆ. ಆ ಪೊಲೀಸರಿಗೆ ಹ್ಯಾಂಬರ್ಗ್‌ನದೇ ಜನರನ್ನು ಕೊಲ್ಲಲು ಹೇಳಿದ್ದರೆ ಸಂಕೋಚ ಅವರನ್ನು ಸಾಲಿನಲ್ಲೇ ನಿಲ್ಲಿಸುತ್ತಿತ್ತೇ? ಇಲ್ಲ ಎಂದೇ ನನಗನಿಸುತ್ತದೆ. ಯಾರನ್ನು ಕೊಲ್ಲಬಹುದು ಎಂಬುದನ್ನು ಪ್ರಯೋಗಾಲಯ ತೀರ್ಮಾನಿಸುವುದಿಲ್ಲ. ಅದನ್ನು ನೂರಾರು ವರ್ಷಗಳ ದ್ವೇಷವೂ ಹತ್ತು ವರ್ಷಗಳ ಪ್ರಚಾರವೂ ಮೊದಲೇ ಬರೆದಿಟ್ಟಿರುತ್ತವೆ. ಐಕ್‌ಮನ್ ಕೂಡ ನ್ಯಾಯಾಲಯದಲ್ಲಿ ಕಡತ ನೋಡುವ ಗುಮಾಸ್ತನಂತೆ ಕಂಡನೇ ಹೊರತು, ಅರ್ಜೆಂಟೀನಾದಲ್ಲಿ ಅವಿತಿದ್ದಾಗ ಧ್ವನಿಮುದ್ರಿಸಿದ ಮಾತುಗಳಲ್ಲಿ ತನ್ನ ಸಾಧನೆ ಸಾಲದಾಯಿತೆಂದು ಕೊರಗುವ ಪಕ್ಕಾ ನಾಜಿಯಾಗಿದ್ದ. ಎಲ್ಲರೂ ಬರೀ ಹಲ್ಲುಚಕ್ರದ ಹಲ್ಲುಗಳು ಎಂಬ ಮಾತನ್ನು ಮೊದಲು ಇಷ್ಟಪಡುವವರು ಕೊಲೆಗಾರರೇ.

ಆದರೆ ದ್ವೇಷವೊಂದೇ ಸಾಕೆನ್ನುವುದು ರುವಾಂಡಾದ ಮುಂದೆ ನಿಲ್ಲುವುದಿಲ್ಲ. ಅಲ್ಲಿನ ಜೈಲುಗಳಲ್ಲಿ ತಪ್ಪೊಪ್ಪಿಕೊಂಡ 210 ಮಂದಿಯನ್ನು ಸ್ಟ್ರಾಸ್ ಮಾತಾಡಿಸಿದರು. ಹೆಚ್ಚಿನವರು ಸಾಮಾನ್ಯ ರೈತರು, ಗೃಹಸ್ಥರು. ಟುಟ್ಸಿ ನೆರೆಯವರೊಂದಿಗೆ ಮೊದಲು ಚೆನ್ನಾಗಿಯೇ ಇದ್ದೆವು ಎಂದವರೇ ಬಹಳ. ಟುಟ್ಸಿ ನೆಂಟರಿದ್ದವರೂ ಇದ್ದರು. ಏಪ್ರಿಲ್ 6ರ ರಾತ್ರಿ ಅಧ್ಯಕ್ಷರ ವಿಮಾನವನ್ನು ಹೊಡೆದುರುಳಿಸಿದ ಮೇಲೆ ಯುದ್ಧದ ಭಯ ಹಬ್ಬಿತು, ರೇಡಿಯೊ ಟುಟ್ಸಿಗಳನ್ನು ‘ಜಿರಳೆಗಳು’ ಎಂದಿತು, ಊರಿನ ಮುಖಂಡರು ಮನೆ ಮನೆಗೆ ಬಂದು ಗಂಡಸರನ್ನು ಕರೆದರು. ಇಲ್ಲಿ ಒತ್ತಾಯ ನಿಜವಾದದ್ದೇ ಆಗಿತ್ತು. ಬಾರದವರಿಗೆ ದಂಡ ಬೀಳುತ್ತಿತ್ತು, ಟುಟ್ಸಿಗಳನ್ನು ಅಡಗಿಸಿಟ್ಟ, ಬಹುಸಂಖ್ಯಾತ ಹುಟು ಸಮುದಾಯದವರು ಜೀವ ಕಳೆದುಕೊಂಡದ್ದೂ ಇದೆ. ಹ್ಯಾಂಬರ್ಗ್‌ನವರಿಗಿದ್ದ ತೆರೆದ ಬಾಗಿಲು ಇವರಲ್ಲಿ ಎಲ್ಲರಿಗೂ ಇರಲಿಲ್ಲ. ಹೋಲಿಸುವಾಗ ಇದನ್ನು ಮರೆಯಬಾರದು.

ಅಲ್ಲಿ ಕೊಲ್ಲುವುದಕ್ಕೆ ಬಳಸಿದ ಪದ ‘ಗುಕೊರ’. ಕಿನ್ಯರುವಾಂಡ ಭಾಷೆಯಲ್ಲಿ ಅದರ ಅರ್ಥ ‘ಕೆಲಸ ಮಾಡು’. ರಸ್ತೆ ದುರಸ್ತಿಗೂ ಗಿಡ ನೆಡುವುದಕ್ಕೂ ಊರಿಗೆ ಊರೇ ಕಡ್ಡಾಯವಾಗಿ ಸೇರುವ ‘ಉಮುಗಾಂಡ’ ಎಂಬ ಸಾಮೂಹಿಕ ಶ್ರಮದಾನ ಅಲ್ಲಿ ಮೊದಲೇ ಇತ್ತು. ಕರೆದಾಗ ಬರುವುದು, ಗುಂಪಾಗಿ ಹೊರಡುವುದು, ಮತ್ತು, ಎಲ್ಲಕ್ಕಿಂತ ಅನುಕೂಲದ್ದು, ಕತ್ತಿಯನ್ನು ಮನೆಯಿಂದಲೇ ತರುವುದು, ಎಲ್ಲವೂ ರೂಢಿಯಲ್ಲೇ ಇದ್ದವು. ನರಮೇಧಕ್ಕೆ ಹೊಸ ಯಂತ್ರ ಬೇಕಾಗಲಿಲ್ಲ, ಇದ್ದ ಯಂತ್ರವನ್ನೇ ತಿರುಗಿಸಿಕೊಂಡರು.

ಬಲಿಪಶುಗಳನ್ನು ಮನುಷ್ಯರಲ್ಲವೆಂದು ಕಂಡದ್ದರಿಂದಲೇ ಕೊಲ್ಲಲು ಸಾಧ್ಯವಾಯಿತು ಎಂಬ ಪ್ರಸಿದ್ಧ ವಿವರಣೆಯನ್ನು ನಾನು ಪೂರ್ತಿ ನಂಬುವುದಿಲ್ಲ. ‘ಜಿರಳೆ’ಯಂಥ ಪದಗಳಿಗೆ ಶಕ್ತಿಯಿದೆ, ಒಪ್ಪುತ್ತೇನೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎದುರಿನ ತಂಡವನ್ನು ಯಾರೋ ‘ಪ್ರಾಣಿಗಳು’ ಎಂದದ್ದು ಕಿವಿಗೆ ಬಿದ್ದರೆ ಸಾಕು, ಜನ ಹೆಚ್ಚಿನ ಆಘಾತ ಕೊಡುತ್ತಿದ್ದರು. ಆದರೆ ಜಿರಳೆಯನ್ನು ಯಾರೂ ಅವಮಾನಿಸುವುದಿಲ್ಲ. ಅದರ ಬಟ್ಟೆ ಬಿಚ್ಚಿಸುವುದಿಲ್ಲ, ಅದರ ಕೈಯಿಂದ ಬೀದಿ ಉಜ್ಜಿಸುವುದಿಲ್ಲ. 1938ರಲ್ಲಿ ವಿಯೆನ್ನಾದ ಜನ ಯೆಹೂದಿಗಳನ್ನು ಮೊಣಕಾಲೂರಿಸಿ ಪಾದಚಾರಿ ದಾರಿ ಉಜ್ಜಿಸಿ ಸುತ್ತ ನಿಂತು ನಕ್ಕರಲ್ಲ, ಅದು ಎದುರಿಗಿರುವವನಿಗೆ ಮಾನವಿದೆ ಎಂದು ಬಲ್ಲವರ ನಗು.

ನನಗೆ ಹೆಚ್ಚು ಅರ್ಥ ಕಾಣುವುದು ಮೆಟ್ಟಿಲುಗಳಲ್ಲಿ. ಮಿಲ್‌ಗ್ರಾಮ್‌ನ ಯಂತ್ರದಲ್ಲಿ ಮೊದಲ ಗುಂಡಿಯೇ 450 ಆಗಿದ್ದರೆ ಎಷ್ಟು ಜನ ಒತ್ತುತ್ತಿದ್ದರು? ಆದರೆ 15 ಆದ ಮೇಲೆ 30ಕ್ಕೆ ಇಲ್ಲವೆನ್ನಲು ಕಾರಣವಿಲ್ಲ. 150 ಕೊಟ್ಟವನು 165ಕ್ಕೆ ನಿಲ್ಲಿಸಿದರೆ 150 ಕೊಟ್ಟದ್ದು ತಪ್ಪೆಂದು ಒಪ್ಪಬೇಕಾಗುತ್ತದೆ. ಜರ್ಮನಿಯಲ್ಲಿ 1933ರ ಏಪ್ರಿಲ್ 1ರಂದು ಯೆಹೂದಿ ಅಂಗಡಿಗಳಿಗೆ ಬಹಿಷ್ಕಾರ. ವಾರದೊಳಗೆ ಸರ್ಕಾರಿ ನೌಕರಿಯಿಂದ ವಜಾ. 1935ರಲ್ಲಿ ಪೌರತ್ವ, ಮದುವೆಗಳ ಕಾನೂನು. 1938ರ ನವೆಂಬರ್‌ನಲ್ಲಿ ಯೆಹೂದಿಗಳ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳಿಗೆ ಬೆಂಕಿ. 1941ರ ಸೆಪ್ಟೆಂಬರ್‌ನಲ್ಲಿ ಎದೆಯ ಮೇಲೆ ಹಳದಿ ನಕ್ಷತ್ರ. ಪ್ರತಿ ಮೆಟ್ಟಿಲಲ್ಲೂ ಸುಮ್ಮನಿದ್ದವನು ಮುಂದಿನದಕ್ಕೆ ಸುಮ್ಮನಿರಲು ಹಿಂದಿನ ಮೌನವನ್ನೇ ಅಡವಿಟ್ಟಿರುತ್ತಾನೆ. ಎರ್ವಿನ್ ಸ್ಟೌಬ್ ಎಂಬ ಮನಶ್ಶಾಸ್ತ್ರಜ್ಞ ಬರೆದದ್ದು ಹೆಚ್ಚುಕಡಿಮೆ ಇದನ್ನೇ: ಕೇಡು ಮಾಡುತ್ತಾ ಮಾಡುತ್ತಾ ಮನುಷ್ಯ ಬದಲಾಗುತ್ತಾನೆ, ಮುಂದಿನ ಕೇಡಿಗೆ ಹದವಾಗುತ್ತಾನೆ. ಬಾಲ್ಯದಲ್ಲಿ ಹಂಗೆರಿಯ ನರಮೇಧದಿಂದ ಪಾರಾಗಿ ಬಂದ ಯೆಹೂದಿ ಅವರು. ದ್ವೇಷಿಸಿದ್ದಕ್ಕೆ ಹೊಡೆಯುತ್ತೇವೆ ಎಂಬುದು ಎಷ್ಟು ನಿಜವೋ, ಹೊಡೆದದ್ದಕ್ಕೆ ದ್ವೇಷಿಸಬೇಕಾಗುತ್ತದೆ ಎಂಬುದೂ ಅಷ್ಟೇ ನಿಜ.

ಆ 101ನೆಯ ಬೆಟಾಲಿಯನ್ ಯೂಜೆಫುವ್‌ಗೇ ನಿಲ್ಲಲಿಲ್ಲ. ಮೊದಲ ಸಂಜೆ ಊಟ ಬಿಟ್ಟು ಕುಡಿದು ಬಿದ್ದವರು ಮುಂದಿನ ತಿಂಗಳುಗಳಲ್ಲಿ ಪಳಗಿದರು. ಅಡಗಿದ್ದವರನ್ನು ಕಾಡಿನಲ್ಲಿ ಹುಡುಕಿ ಕೊಲ್ಲಲು ಸ್ವಂತ ಇಚ್ಛೆಯಿಂದ ಮುಂದೆ ಬರುವವರಿಗೂ ಕೊರತೆಯಾಗಲಿಲ್ಲ. ಕೊನೆಗೆ ಅವರ ಲೆಕ್ಕದಲ್ಲಿ ಕನಿಷ್ಠ 38,000 ಜನ ಗುಂಡಿಗೆ, 45,000 ಜನ ಟ್ರೆಬ್ಲಿಂಕಾ ಸಾವಿನ ಶಿಬಿರದ ರೈಲಿಗೆ.

ಸಾಲಿನಿಂದ ಹೊರಗೆ ಬಂದವರ ಮಾತಿಗೆ ಮರಳುತ್ತೇನೆ. ತಾವು ಬಂದದ್ದು ಯಾಕೆಂದು ಅವರಲ್ಲಿ ಹೆಚ್ಚಿನವರು ಜೊತೆಗಾರರಿಗೆ ಕೊಟ್ಟ ಕಾರಣ, ‘ನಾನು ದುರ್ಬಲ.’ ಇದು ತಪ್ಪು ಎಂದಲ್ಲ, ನನ್ನ ಕೈಲಾಗುವುದಿಲ್ಲ ಎಂದು. ಹಾಗೆ ಹೇಳಿದರೆ ಕೊಲ್ಲುವವರಿಗೆ ಮುಜುಗರವಿಲ್ಲ. ಅವರು ಗಟ್ಟಿಗರಾದರು, ಇವನು ಮೆದು ಮನಸ್ಸಿನವನಾದ, ಗೆಳೆತನವೂ ಉಳಿಯಿತು. ಕನ್ನಡದಲ್ಲಿ ‘ನನ್ನಿಂದಾಗದು’ ಎನ್ನುವುದಕ್ಕೂ ‘ಮಾಡುವುದಿಲ್ಲ’ ಎನ್ನುವುದಕ್ಕೂ ಎಷ್ಟು ದೂರ! ಇವೆರಡನ್ನೂ ಮೀರಿದ ಇನ್ನೊಂದು ಪದ ನಮ್ಮಲ್ಲಿದೆ: ‘ಒಲ್ಲೆ.’ ಕಾರಣ ಕೊಡದ, ಕ್ಷಮೆ ಕೇಳದ, ಎರಡೇ ಅಕ್ಷರದ ಕ್ರಿಯಾಪದ. ಈಗೀಗ ಪುಸ್ತಕಗಳಲ್ಲಿ ಅದು ಕಾಣುವುದು ಕಡಿಮೆ.

ನನ್ನದೊಂದು ಸಂಗತಿ ಹೇಳಬೇಕು. ನರಮೇಧದ ಪಕ್ಕದಲ್ಲಿ ಇಡುವಂಥದ್ದಲ್ಲ, ಇಡುತ್ತಲೂ ಇಲ್ಲ. ಅಲ್ಲಿ ನಾನು ನೋಡುವುದು ಒಂದು ಕೈಯನ್ನು ಮಾತ್ರ, ಅದು ನನ್ನದಾದ್ದರಿಂದ.

ಹಿಂದೊಮ್ಮೆ ನಾನಿದ್ದ ಕಚೇರಿಯಲ್ಲಿ ಒಬ್ಬ ಯುವಕನ ಮೇಲೆ ದೂರಿನ ಪತ್ರವೊಂದು ಮೇಜಿನಿಂದ ಮೇಜಿಗೆ ಬಂತು. ಅವನ ವರ್ತನೆ ಸರಿಯಿಲ್ಲ, ಎಲ್ಲರಿಗೂ ತೊಂದರೆ, ಕ್ರಮ ಕೈಗೊಳ್ಳಬೇಕು ಎಂಬ ಅರ್ಥದ್ದು. ತಂದವರು ನನ್ನ ಆಪ್ತರು. ‘ನಿಮ್ಮದೊಂದು ಬಾಕಿ’ ಎಂದು ನಗುತ್ತಾ ಹಾಳೆ ಇಟ್ಟರು, ಪೆನ್ನನ್ನೂ ಅವರೇ ಕೊಟ್ಟರು, ಮುಚ್ಚಳ ತೆಗೆದು. ಹತ್ತು ಸಹಿಗಳಿದ್ದವು. ನಾನು ಪತ್ರ ಓದಲಿಲ್ಲ, ಹೆಸರುಗಳನ್ನು ಓದಿದೆ. ನಾಲ್ಕನೆಯ ಹೆಸರು ನಾನು ಬಹಳ ಗೌರವಿಸುವವರದು. ಅವರೇ ಹಾಕಿದ್ದಾರಲ್ಲ ಎಂದುಕೊಂಡೆ. ಆ ಹುಡುಗನೊಂದಿಗೆ ನಾನು ಒಟ್ಟು ಆಡಿದ್ದು ಮೂರೋ ನಾಲ್ಕೋ ಮಾತು. ಹತ್ತರ ಜೊತೆ ಹನ್ನೊಂದು ಎಂದು ಸಹಿ ಹಾಕಿದೆ. ಅದಾದ ಮೇಲಿನ ವಾರಗಳಲ್ಲಿ ಅವನಲ್ಲಿ ನನಗೆ ಹೊಸ ಹೊಸ ದೋಷಗಳು ಕಾಣತೊಡಗಿದವು. ನಡೆಯುವಾಗ ಚಪ್ಪಲಿ ಸದ್ದು ಮಾಡುತ್ತಾನೆ ಎಂಬುದು ಕೂಡ. ಎರಡು ತಿಂಗಳಲ್ಲಿ ಅವನ ಕೆಲಸ ಹೋಯಿತು.

ಹಾಳೆ ಹೋದ ಮೇಜುಗಳಲ್ಲಿ ಒಂದು, ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯ ಮಹಿಳೆಯೊಬ್ಬರದು. ಅವರು ಪತ್ರವನ್ನು ಕೊನೆಯವರೆಗೆ ಓದಿ, ‘ಇದರಲ್ಲಿರುವುದು ಯಾವುದನ್ನೂ ನಾನು ಕಂಡಿಲ್ಲ’ ಎಂದು ವಾಪಸು ಕೊಟ್ಟರಂತೆ. ಅವರಿಗೆ ಏನೂ ಆಗಲಿಲ್ಲ. ಯಾರೂ ಮಾತು ಬಿಡಲಿಲ್ಲ, ಯಾರೂ ಮುಖ ತಿರುಗಿಸಲಿಲ್ಲ. ಅವರಿಗೆ ಏನಾದರೂ ಆಗಿದ್ದರೆ ನನಗೆ ಎಷ್ಟು ಸಮಾಧಾನವಾಗುತ್ತಿತ್ತು ಎಂಬುದನ್ನು ಒಪ್ಪಿಕೊಳ್ಳಲು ನನಗೆ ವರ್ಷಗಳೇ ಹಿಡಿದವು.

ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1950ರ ದಶಕದಲ್ಲಿ ಮಾಡಿದ ಗೆರೆಗಳ ಪ್ರಯೋಗ ಹಲವರಿಗೆ ಗೊತ್ತು. ಮೂರು ಗೆರೆಗಳಲ್ಲಿ ಯಾವುದು ತೋರಿಸಿದ ಗೆರೆಗೆ ಸಮ ಎಂದು ಹೇಳಬೇಕು. ಉಳಿದವರೆಲ್ಲ ಬೇಕೆಂದೇ ತಪ್ಪು ಹೇಳಿದರೆ, ಕಣ್ಣಿಗೆ ರಾಚುವ ಸತ್ಯವನ್ನು ಬಿಟ್ಟು ಮುಕ್ಕಾಲು ಪಾಲು ಜನ ಒಂದು ಸಲವಾದರೂ ಗುಂಪಿನ ಉತ್ತರವನ್ನೇ ಹೇಳಿದರು. ಗುಂಪಿನಲ್ಲಿ ಒಬ್ಬನೇ ಒಬ್ಬ ಬೇರೆ ಉತ್ತರ ಕೊಟ್ಟರೆ ಆ ಹಿಡಿತ ಸಡಿಲವಾಗುತ್ತಿತ್ತು. ಆ ಒಬ್ಬ ಹೇಳುವುದು ಸರಿ ಉತ್ತರವೇ ಆಗಬೇಕೆಂದೂ ಇಲ್ಲ. ಇನ್ನೊಂದು ತಪ್ಪನ್ನು ಹೇಳಿದರೂ ಸಾಕು, ಒಗ್ಗಟ್ಟು ಒಡೆದರೆ ಆಯಿತು. ಯೂಜೆಫುವ್‌ನಲ್ಲೂ ಮೊದಲನೆಯವನು ಬಂದ ಮೇಲೆ ತಾನೇ ಹತ್ತು ಹನ್ನೆರಡು ಜನ ಬಂದದ್ದು. ರಕ್ಷಿಸಿದವರ ಕಥೆಗಳಲ್ಲೂ ಇದೇ ಸಣ್ಣತನವಿದೆ, ಒಳ್ಳೆಯ ಅರ್ಥದಲ್ಲಿ. ಯೆಹೂದಿಗಳನ್ನು ಮನೆಯಲ್ಲಿ ಅಡಗಿಸಿಟ್ಟವರ ಬಗ್ಗೆ ನಡೆದ ಅಧ್ಯಯನಗಳು ಹೇಳುವಂತೆ, ಅವರಲ್ಲಿ ಬಹಳ ಮಂದಿ ತಾವಾಗಿ ಹುಡುಕಿಕೊಂಡು ಹೋದವರಲ್ಲ. ಯಾರೋ ಬಾಗಿಲು ತಟ್ಟಿ ಕೇಳಿದರು, ಇವರು ಒಳಗೆ ಕರೆದರು. ರುವಾಂಡಾದಲ್ಲಿ ಒಂದು ಜೀವವನ್ನು ಮನೆಯೊಳಗೆ ಬಚ್ಚಿಟ್ಟು, ಅದೇ ಬೆಳಿಗ್ಗೆ ಗುಂಪಿನೊಂದಿಗೆ ಇನ್ನೊಂದು ಜೀವ ತೆಗೆಯಲು ಹೊರಟವರೂ ಇದ್ದರು. ಒಬ್ಬನೇ ಎದುರಾದಾಗ ಒಬ್ಬ ಮನುಷ್ಯ, ಗುಂಪಿನಲ್ಲಿ ಇನ್ನೊಬ್ಬ.

ಆ ದೂರಿನ ಪತ್ರದ ಪ್ರತಿಯೊಂದನ್ನು ಬಹಳ ದಿನಗಳ ನಂತರ ಕಡತದಲ್ಲಿ ನೋಡಿದೆ. ಕೊನೆಗೆ ಹತ್ತೊಂಬತ್ತು ಸಹಿಗಳಾಗಿದ್ದವು. ಹನ್ನೆರಡನೆಯದು ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿಯದು. ನನ್ನ ಪಕ್ಕದ ಮೇಜು ಅವಳದು. ಸಹಿ ಹಾಕಿ ಹಾಳೆಯನ್ನು ಅವಳತ್ತ ಸರಿಸಿದವನು ನಾನೇ. ಅವಳೂ ಪತ್ರ ಓದಲಿಲ್ಲ. ಬೆರಳಿಟ್ಟು ಹೆಸರುಗಳನ್ನು ಓದುತ್ತಾ ಕೆಳಗಿಳಿದು, ನನ್ನ ಹೆಸರಿಗೆ ಬಂದಾಗ ತಲೆ ಎತ್ತಿ ಒಮ್ಮೆ ನನ್ನ ಮುಖ ನೋಡಿ, ಪೆನ್ನು ಕೇಳಿದಳು. ನಾನು ಕೊಟ್ಟೆ.